ಪದ ಬೇಕು: ಟೇಬಲ್ ಸಾ, ಬ್ಯಾಂಡ್ ಸಾ, ಜಿಗ್ ಸಾ (ಶನಿವಾರದೊಳಗೆ)

ಓಸ್ಲೋದಿಂದ, ಮಂಗಳವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ. ಶನಿವಾರ ಅಪ್ಪ ಇಲ್ಲಿಗೆ ಬರುತ್ತಾರೆ, ಮೂರು ತಿಂಗಳಿಗೆ. ತೀರ್ಥಹಳ್ಳಿ ಕಡೆ 40 ವರ್ಷ ಬಡಗಿ ಕೆಲಸ ಮಾಡಿದವರು, ಸುಮ್ನೆ ಸೋಫಾದ ಮೇಲೆ ಕೂರುವ ಜನ ಅಲ್ಲ. ನಾನು ಗ್ಯಾರೇಜಿನಲ್ಲಿ ಸ್ಕೀ, ಅಂದರೆ ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಹಲಗೆ, ತಯಾರಿಸುತ್ತೇನೆ. ಬಂದ ಮಾರನೇ ದಿನವೇ ಅದಕ್ಕೆ ಕೈ ಹಾಕುತ್ತಾರೆ, ಗ್ಯಾರಂಟಿ. ಕೈಗರಗಸ ಅವರಿಗೆ ಕರಗತ, ಕರೆಂಟಿನದು ಜಾಸ್ತಿ ಮುಟ್ಟಿಲ್ಲ. ಇಂಗ್ಲಿಷ್ ಓದುವುದಿಲ್ಲ. ಅದಕ್ಕೇ ಯಂತ್ರಗಳ ಮೇಲೆ ಕನ್ನಡದ ಚೀಟಿ ಅಂಟಿಸಬೇಕು. ದೊಡ್ಡ ಅಕ್ಷರದಲ್ಲಿ ಹೆಸರು, ಕೆಳಗೆ ಯಾವ ಕೆಲಸಕ್ಕೆ ಅಂತ ಒಂದೆರಡು ಸಾಲು.

ಕೆಲಸ ಹೀಗಿದೆ. ಸ್ಕೀಯ ಒಡಲಲ್ಲಿ ಮರ. ಪಾಪ್ಲರ್, ಮೇಪಲ್ ಹಲಗೆಗಳನ್ನು ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಕುಯ್ದು ಪಕ್ಕಪಕ್ಕ ಅಂಟಿಸಬೇಕು. ಆಮೇಲೆ ಪಾದದ ಕೆಳಗೆ 11-12 ಮಿ.ಮೀ., ತುದಿಗಳಲ್ಲಿ 2 ಮಿ.ಮೀ. ಬರುವ ಹಾಗೆ ಹೆರೆಯಬೇಕು. ತಳಕ್ಕೆ ಪ್ಲಾಸ್ಟಿಕ್, ಅಂಚಿಗೆ ಸ್ಟೀಲ್, ಮರದ ಮೇಲೂ ಕೆಳಗೂ ಗ್ಲಾಸ್ ಫೈಬರ್. ಎಪಾಕ್ಸಿ ಅಂಟು ಹಚ್ಚಿ ಪ್ರೆಸ್ಸಿಗೆ ಹಾಕಿದರೆ, ಹೊರಗೆ ಬರುವಾಗ ಸುತ್ತಲೂ ದೋಸೆ ಹಿಟ್ಟು ಹರಿದ ಹಾಗೆ ಎಪಾಕ್ಸಿ ಗಟ್ಟಿಯಾಗಿರುತ್ತದೆ. ಅದನ್ನು ಸ್ಟೀಲ್ ಅಂಚಿನ ಗುಂಟ ಬಿಡಿಸಬೇಕು. ಸ್ಕೀ ನಡು ಸಣ್ಣ, ಎರಡೂ ತುದಿ ಅಗಲ. ಹಾಗಾಗಿ ಅಲ್ಲಿ ನೇರ ಗೆರೆ ಇಲ್ಲ, ಎಲ್ಲಾ ಬಳುಕು.

ಜಿಗ್ ಸಾ (ಕೈಯಲ್ಲಿ ಹಿಡಿದು ಓಡಿಸುವ ಸಣ್ಣ ಕರೆಂಟ್ ಗರಗಸ) ನನ್ನ ಹತ್ತಿರ ಇದೆ. ಟೇಬಲ್ ಸಾ (ಮೇಜಿನ ನಡುವೆ ದುಂಡು ಬ್ಲೇಡ್ ಎದ್ದಿರುವುದು), ಬ್ಯಾಂಡ್ ಸಾ (ಪಟ್ಟಿಯಂಥ ಬ್ಲೇಡ್ ಚಕ್ರಗಳ ಮೇಲೆ ಸುತ್ತುವುದು) ಎರಡನ್ನೂ ಗೆಳೆಯರಿಂದ ಎರವಲು ತಂದಿದ್ದೇನೆ. ಒಂದನ್ನು ಕೊಳ್ಳಬೇಕು, ಇನ್ನೊಂದನ್ನು ವಾಪಸ್ ಕೊಡಬೇಕು. ಮೂರಕ್ಕೂ ಕನ್ನಡ ಹೆಸರು ಬೇಕು. ಜೊತೆಗೆ ‘ಕೆರ್ಫ್’ಗೆ ಒಂದು ಪದ, ಅಂದರೆ ಬ್ಲೇಡ್ ಹೋದ ದಾರಿಯಲ್ಲಿ ಪುಡಿಯಾಗಿ ಹೋಗುವ ಮರದ ದಪ್ಪ.

ಮೈಸೂರಿನಿಂದ, ಬುಧವಾರ ಬೆಳಿಗ್ಗೆ

ಬ್ಯಾಂಡ್ ಸಾಗೆ ಪಟ್ಟಿಗರಗಸ. ಟೇಬಲ್ ಸಾಗೆ ಮಣೆಗರಗಸ. ಜಿಗ್ ಸಾಗೆ ಕುಣಿಗರಗಸ. ಮೂರೂ ಅಚ್ಚಗನ್ನಡ. ‘ಜಿಗ್’ ಎಂದರೆ ಕುಣಿತ, ಅಲಗು ಮೇಲೆ ಕೆಳಗೆ ಕುಣಿಯುತ್ತದೆ. ಇಷ್ಟು ಸುಲಭ ಇರುವಾಗ ‘ಸಾ, ಸಾ’ ಎಂದು ಸಂಗೀತ ಪಾಠ ಯಾಕೆ?

ಗರಗಸವೂ ನಮ್ಮದೇ ಪದ. ಗರಗರ ಎನ್ನುವ ಸದ್ದಿನಿಂದ ಬಂದದ್ದು. ನೀವಿರುವ ನಾಡನ್ನೇ ನೋಡಿ, ನಾರ್ವೆಯವರು ಗರಗಸಗಳಿಗೆ ಏನನ್ನುತ್ತಾರೆ? ಇಂಗ್ಲಿಷಿನಿಂದ ತಂದಿರುವುದಿಲ್ಲ ಎಂದು ಪಣ ಕಟ್ಟುತ್ತೇನೆ.

ಬೆಂಗಳೂರಿನಿಂದ, ಬುಧವಾರ

ಗರಗಸ ‘ಕ್ರಕಚ’ದ ತದ್ಭವ, ಮೇಷ್ಟ್ರೇ. ಹೈಸ್ಕೂಲಿನ ತತ್ಸಮ-ತದ್ಭವ ಪಟ್ಟಿಯಲ್ಲೇ ಇದೆ. ಮೂರು ಅಚ್ಚಗನ್ನಡ ಪದಗಳಲ್ಲಿ ಮೂರರ ಬಾಲವೂ ಸಂಸ್ಕೃತದ್ದು.

ನಾನು ಮಿಕ್ಸಿ, ವಾಷಿಂಗ್ ಮಿಶಿನ್‌ಗಳ ಕೈಪಿಡಿ ಅನುವಾದ ಮಾಡುವವಳು. ಯಂತ್ರದ ಹೆಸರು ಅಂಗಡಿಯಲ್ಲಿ ಕೇಳಿದರೆ ಸಿಗುವಂತಿರಬೇಕು ಅನ್ನುವುದಷ್ಟೇ ನನ್ನ ನಿಯಮ. ಕುಣಿಗರಗಸ ಕೊಡಿ ಅಂತ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ, ಯಕ್ಷಗಾನದ ಮೇಳಕ್ಕೆ ದಾರಿ ತೋರಿಸುತ್ತಾರೆ.

ಶಿರಸಿಯಿಂದ, ಬುಧವಾರ ಸಂಜೆ

ನಮ್ಮದು ಸಾಮಿಲ್ಲು. ಹಿಂದೆ ದಿಮ್ಮಿಯನ್ನು ಎತ್ತರಕ್ಕೆ ಇಟ್ಟು, ಮೇಲೊಬ್ಬ ಕೆಳಗೊಬ್ಬ ನಿಂತು ಗರಗಸ ಎಳೆಯುತ್ತಿದ್ದರು. ಕೆಳಗಿನವನ ಕಣ್ಣಿಗೆಲ್ಲ ಹೊಟ್ಟು. ಈಗ ಬ್ಯಾಂಡ್ಸಾ. ಹಾಗೇ ಅನ್ನುತ್ತೇವೆ, ಓದಿದವರೂ ಓದದವರೂ.

ಒಂದು ತೊಂದರೆ ಯಾರೂ ನೋಡಿಲ್ಲ. ‘ಪಟ್ಟಿ’ ಅಂದರೆ ಬಡಗಿಗೆ ಕುಯ್ದ ಮರ. ಪಟ್ಟಿ ಕುಯ್ಯೋಕೆ ಪಟ್ಟಿಗರಗಸ ಬೇಡ, ಮಣೆಗರಗಸ ಬೇಕು ಅಂತ ಚೀಟಿಯಲ್ಲಿ ಬರೆದರೆ ಇವರ ಅಪ್ಪ ಮುಂದಿನ ವಿಮಾನಕ್ಕೆ ವಾಪಸ್.

ಹೆಸರು ಕೆಲಸದಿಂದ ಬರಬೇಕು, ಆಕಾರದಿಂದ ಅಲ್ಲ. ಮರದ ಎಳೆಯ ಗುಂಟ ಹೋದರೆ ಸೀಳೋದು. ಎಳೆಗೆ ಅಡ್ಡ ಹೋದರೆ ತುಂಡು ಮಾಡೋದು. ಎರಡಕ್ಕೂ ಹಲ್ಲು ಬೇರೆ. 10 ಇಂಚಿನ ಬ್ಲೇಡಿನಲ್ಲಿ ಸೀಳೋದಕ್ಕೆ 24 ಹಲ್ಲು ಸಾಕು, ಅಡ್ಡ ಕುಯ್ಯೋದಕ್ಕೆ 60, 80. ಅಪ್ಪನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಕೈಗರಗಸದಲ್ಲೂ ಹೀಗೇ.

ಇನ್ನೊಂದು ಭೇದ ಜಾಸ್ತಿ ಮುಖ್ಯ. ಜಿಗ್ ಸಾದಲ್ಲಿ ಮರ ನಿಂತಿರುತ್ತದೆ, ಗರಗಸ ಹೋಗುತ್ತದೆ. ಟೇಬಲ್ ಸಾದಲ್ಲಿ ಗರಗಸ ನಿಂತಲ್ಲೇ ತಿರುಗುತ್ತದೆ, ಮರ ಹೋಗುತ್ತದೆ. ನಮ್ಮ ಕಡೆ ತರಕಾರಿ ಹೆಚ್ಚುವ ಮೆಟ್ಟುಗತ್ತಿ ಇದ್ದ ಹಾಗೆ. 40 ವರ್ಷ ಗರಗಸವನ್ನೇ ಎಳೆದ ಕೈ, ಈಗ ಮರ ಹಿಡಿದು ಬ್ಲೇಡಿನ ಕಡೆಗೇ ಹೋಗಬೇಕು. ಅಪಾಯ ಅಲ್ಲಿ. ಸೀಳು ಮುಚ್ಚಿಕೊಂಡು ಬ್ಲೇಡ್ ಹಿಡಿದರೆ ಮರ ಹಿಂದಕ್ಕೆ ಒದೆಯುತ್ತದೆ. ಬ್ಲೇಡಿನ ಹಿಂದೆ ಸೀಳು ಬಿಡಿಸಿ ಹಿಡಿಯುವ ತಗಡು ಇರುತ್ತದೆ, ಅದನ್ನು ಬಿಚ್ಚಬಾರದು.

ಕೆರ್ಫಿಗೆ ನಾವು ‘ಬ್ಲೇಡಿಗೆ ಹೋಗೋದು’ ಅನ್ನುತ್ತೇವೆ. ಎರಡಿಂಚಿನ ಸೈಜಿಗೆ ಬ್ಲೇಡಿಗೆ ಹೋಗೋದು ಬಿಟ್ಟು ಅಳತೆ ಹಾಕು, ಅಂತ.

ಮೈಸೂರಿನಿಂದ, ಗುರುವಾರ

ಕ್ರಕಚವೇ ನಮ್ಮಿಂದ ಸಂಸ್ಕೃತಕ್ಕೆ ಹೋಗಿರಬಾರದೇಕೆ? ಎಲ್ಲ ನದಿಯೂ ಒಂದೇ ದಿಕ್ಕಿಗೆ ಹರಿಯಬೇಕೇ?

ಮಲಯಾಳದಲ್ಲಿ ಗರಗಸಕ್ಕೆ ಈರ್ಚವಾಳ್ ಎನ್ನುತ್ತಾರೆ, ಸೀಳುವ ಕತ್ತಿ. ಅಕ್ಕಪಕ್ಕದವರು ಕೆಲಸದಿಂದಲೇ ಹೆಸರಿಟ್ಟಿದ್ದಾರೆ, ಶಿರಸಿಯವರ ಮಾತನ್ನು ಅಷ್ಟರಮಟ್ಟಿಗೆ ಒಪ್ಪುತ್ತೇನೆ. ‘ಬ್ಲೇಡಿಗೆ ಹೋಗೋದು’ ಪದವಲ್ಲ, ಹರಟೆ.

ಬೆಂಗಳೂರಿನಿಂದ, ಗುರುವಾರ

ಹೋಗಿರಬಾರದೇಕೆ ಅನ್ನುವುದು ವ್ಯುತ್ಪತ್ತಿ ಅಲ್ಲ. ಆಸೆ.

ಓಸ್ಲೋದಿಂದ, ಗುರುವಾರ ರಾತ್ರಿ

ಮೇಷ್ಟ್ರು ಪಣ ಗೆದ್ದರು. ಇಲ್ಲಿ ಗರಗಸಕ್ಕೆ ಸಾಗ್. ಮೇಜಿನದು ಬೋರ್‌ಸಾಗ್, ಪಟ್ಟಿಯದು ಬೋನ್‌ಸಾಗ್, ಜಿಗ್ ಸಾಗೆ ಸ್ತಿಕ್‌ಸಾಗ್, ಅಂದರೆ ಚುಚ್ಚುಗರಗಸ. ಆದರೆ ದುಂಡು ಬ್ಲೇಡಿನದು ಸಿರ್ಕೆಲ್‌ಸಾಗ್, ಅದರ ತಲೆ ಲ್ಯಾಟಿನ್. ಅದರ ಬಗ್ಗೆ ಇಲ್ಲಿ ಯಾರೂ ಜಗಳ ಆಡಿದ್ದು ಕೇಳಿಲ್ಲ.

ಸ್ಕೀಯದೇ ಕಥೆ ಇನ್ನೂ ಚೆನ್ನ. ಹಳೆಯ ನಾರ್ಸ್ ಭಾಷೆಯಲ್ಲಿ ಅದಕ್ಕೆ ಸೀಳಿದ ಮರದ ತುಂಡು ಅಂತಲೇ ಅರ್ಥ. ಈಗ ಇಲ್ಲಿಯವರು ಸ್ಕೀ ಅನ್ನುವುದೇ ಇಲ್ಲ, ‘ಶೀ’ ಅನ್ನುತ್ತಾರೆ. ಪದ ನಾರ್ವೆಯದು, ಉಚ್ಚಾರ ಇಂಗ್ಲಿಷಿನದು, ಅದನ್ನು ನಾವು ತಂದುಕೊಂಡೆವು. ‘ಹಿಮಜಾರುಹಲಗೆ’ ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಬೇಡ. ಚೀಟಿಯಲ್ಲಿ ಅಷ್ಟು ಜಾಗ ಇಲ್ಲ.

ನಿನ್ನೆ 120 ಮಿ.ಮೀ. ಅಗಲದ ಹಲಗೆಗೆ ಲೆಕ್ಕ ಹಾಕಿದೆ. ಟೇಬಲ್ ಸಾ ಬ್ಲೇಡಿಗೆ ಸುಮಾರು 3 ಮಿ.ಮೀ. ಹೋಗುತ್ತದೆ, 12 ಮಿ.ಮೀ. ಪಟ್ಟಿ 8 ಬರುತ್ತವೆ. ಬ್ಯಾಂಡ್ ಸಾದಲ್ಲಿ 1 ಮಿ.ಮೀ., ಹಾಗಾಗಿ 9. ಖುಷಿಯಾಯಿತು. ಕುಯ್ದು ನೋಡಿದರೆ ಬ್ಯಾಂಡ್ ಸಾದ ಪಟ್ಟಿಯ ಮೈ ಬಾಚಣಿಗೆ ಎಳೆದ ಹಾಗೆ ಗೀರು ಗೀರು. ಅಂಟು ಹಿಡಿಯಬೇಕಾದರೆ ತೋಪಡ ಹಾಕಿ ಹೆರೆಯಲೇಬೇಕು. ಅಲ್ಲಿಗೆ ಒಂಬತ್ತನೇ ಪಟ್ಟಿಯ ಲಾಭ ಹೊಟ್ಟಾಯಿತು. ಟೇಬಲ್ ಸಾದಿಂದ ಬಂದದ್ದನ್ನು ಹಾಗೇ ಅಂಟಿಸಿದೆ, ಗೆರೆ ಸಹ ಕಾಣಲಿಲ್ಲ.

ಅಂಚು ಬಿಡಿಸುವಾಗ ಬ್ಯಾಂಡ್ ಸಾ ಸಲೀಸು ಅಂತಾರೆ. ನಿಜ. ಆದರೆ 180 ಸೆಂ.ಮೀ. ಸ್ಕೀಯನ್ನು ಒಬ್ಬನೇ ಹಿಡಿದು ತಿರುಗಿಸಲು ನನಗೆ ಇನ್ನೊಂದು ಜೊತೆ ಕೈ ಬೇಕು. ಜಿಗ್ ಸಾಗೆ ಕಬ್ಬಿಣ ಕುಯ್ಯುವ ಬ್ಲೇಡ್ ಹಾಕಿ, ಸ್ಕೀಯನ್ನು ಮೇಜಿಗೆ ಬಿಗಿದು, ಅಂಚಿಗಿಂತ ಕೂದಲಷ್ಟು ಆಚೆ ಹೋದರೆ ಸಾಕು. ಸ್ಟೀಲ್ ತಗುಲಿದರೆ ಕಿಡಿ ಹಾರಿ ಅದೇ ಹೇಳುತ್ತದೆ. ಎರಡು ಸ್ಕೀಗೆ ಒಂದು ಬ್ಲೇಡ್ ಪೂರ್ತಿ ಮೊಂಡು, ಗ್ಲಾಸ್ ಫೈಬರ್ ಹಲ್ಲು ತಿಂದುಬಿಡುತ್ತದೆ. ಆದರೂ ಬ್ಲೇಡಿನ ಬೆಲೆ ಎಷ್ಟು, ಬ್ಯಾಂಡ್ ಸಾದ ಬೆಲೆ ಎಷ್ಟು!

ಹಾಗಾಗಿ ಟೇಬಲ್ ಸಾ ಕೊಳ್ಳುತ್ತೇನೆ, ಬ್ಯಾಂಡ್ ಸಾ ವಾಪಸ್. ಇನ್ನು ಎರಡೇ ಚೀಟಿ. ಶಿರಸಿಯವರ ಮೆಟ್ಟುಗತ್ತಿ ಮನಸ್ಸಿಗೆ ಬಂತು. ನಮ್ಮ ಮನೆಯಲ್ಲಿ ಅದಕ್ಕೆ ಈಳಿಗೆಮಣೆ ಅನ್ನುತ್ತೇವೆ. ಅಪ್ಪನಿಗೆ ಫೋನಿನಲ್ಲಿ, ‘ಈಳಿಗೆಮಣೆ ಥರದ ಗರಗಸ, ನೀವು ಮರ ನೂಕಬೇಕು’ ಅಂದೆ. ‘ಹಾಗಾದ್ರೆ ಬೆರಳು ಜೋಪಾನ’ ಅಂದರು. ಒಂದೇ ಮಾತಿಗೆ ಗೊತ್ತಾಯಿತು. ಕುಣಿಗರಗಸವನ್ನೂ ಓದಿ ಹೇಳಿದೆ. ‘ಯಾರು ಕುಣಿಯೋದು?’ ಅಂದರು.

ಚೀಟಿ ಹೀಗೆ:

ಈಳಿಗೆ ಗರಗಸ. ಮರ ಉದ್ದಕ್ಕೆ ಸೀಳಲು ಮಾತ್ರ. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ. ಕೊನೆಯಲ್ಲಿ ಕೈ ಬೇಡ, ಕೋಲಿನಿಂದ ನೂಕಿ.

ಜಿಗ್ ಸಾ. ಸ್ಕೀ ಅಂಚು ಬಿಡಿಸಲು. ಕಬ್ಬಿಣದ ಬ್ಲೇಡ್ ಹಾಕಿ. ಮಾಸ್ಕ್ ಇಲ್ಲದೆ ಶುರು ಮಾಡಬೇಡಿ.

ಬೆಂಗಳೂರಿನಿಂದ, ಶುಕ್ರವಾರ

‘ಕಬ್ಬಿಣದ ಬ್ಲೇಡ್’ ಅಂದರೆ ಕಬ್ಬಿಣದಿಂದ ಮಾಡಿದ ಬ್ಲೇಡ್ ಅಂತ ಆಗುತ್ತದೆ, ಎಲ್ಲ ಬ್ಲೇಡೂ ಅದೇ. ‘ಕಬ್ಬಿಣ ಕುಯ್ಯುವ’ ಅಂತ ಮಾಡಿ. ಉಳಿದದ್ದು ಸರಿ ಇದೆ.

ಮೈಸೂರಿನಿಂದ, ಶುಕ್ರವಾರ

ಈಳಿಗೆ ಗರಗಸ ನನಗೆ ಒಪ್ಪಿಗೆ. ಆದರೆ ಎರಡು ಚೀಟಿಯಲ್ಲಿ ಎರಡು ಸಲ ‘ಬ್ಲೇಡ್’. ಅಲಗು ಎಂಬ ಪದ ಸತ್ತಿದೆಯೇ?

ಶಿರಸಿಯಿಂದ, ಶುಕ್ರವಾರ

ಅಲಗು ಕತ್ತಿಗೆ. ಹಲ್ಲಿರೋದಕ್ಕೆ ಅಲ್ಲ.

ಮೈಸೂರಿನಿಂದ, ಶುಕ್ರವಾರ

ಯಾವ ಶಾಸ್ತ್ರದಲ್ಲಿದೆ?

ಓಸ್ಲೋದಿಂದ, ಶುಕ್ರವಾರ ರಾತ್ರಿ

ಸಾರ್, ಚೀಟಿ ಪ್ರಿಂಟ್ ಆಯಿತು. ‘ಕುಯ್ಯುವ’ ಸೇರಿಸಿದ್ದೇನೆ. ಬೆಳಿಗ್ಗೆ ಏರ್‌ಪೋರ್ಟಿಗೆ ಹೋಗಬೇಕು.