ಡಬ್ಬಿಂಗ್ ಅಭ್ಯಾಸ ಮಾಡಿದ ಮಾರನೇ ಬೆಳಗ್ಗೆ ದನಿ ಒಡೆದಿರುತ್ತೆ, ಎಲ್ಲಿ ತಪ್ತಿದೀನಿ?

ವಿಜಯನಗರದ_ದನಿ
ಎಲ್ರಿಗೂ ನಮಸ್ಕಾರ. ಸೀರಿಯಲ್ಲಿಗೆ, ಡಬ್ಬಿಂಗ್ ಸಿನಿಮಾಗೆ ದನಿ ಕೊಡೋದು ಕಲೀಬೇಕು ಅಂತ ಎರಡು ತಿಂಗಳಿಂದ ಮನೇಲೇ ಅಭ್ಯಾಸ ಮಾಡ್ತಿದೀನಿ. ರಾತ್ರಿ ಊಟ ಆದ್ಮೇಲೆ 10ರಿಂದ 12, ಬಿಡುವಿಲ್ಲದೆ. ವಿಲನ್ ಡೈಲಾಗ್ ಆದ್ರೆ ದನಿ ಆದಷ್ಟೂ ಕೆಳಗಿಳಿಸ್ತೀನಿ. ಮುಗಿದ ತಕ್ಷಣ ನಿದ್ದೆ. ಬೆಳಗ್ಗೆ ಎದ್ರೆ ಗಂಟಲು ಕರಕರ, ಮಧ್ಯಾಹ್ನಕ್ಕೆ ಸರಿ. ಜ್ಯೇಷ್ಠಮಧು ಬಾಯಲ್ಲಿಟ್ಕೊಂಡೇ ಇರ್ತೀನಿ. ಇನ್ನೊಂದು, ರೆಕಾರ್ಡಿಂಗಲ್ಲಿ ‘ಪ’, ‘ಭ’ ಬಂದಾಗೆಲ್ಲ ಧಡ್ ಅನ್ನುತ್ತೆ. ಮೈಕ್ ಬದಲಾಯಿಸ್ಬೇಕಾ?

ಉಸಿರು_ಮೊದಲು
ಮೈಕ್ ಆಮೇಲೆ. ಮೊದಲು ಆ ಕೆಳಗಿಳಿಸೋ ಚಟ ಬಿಡಿ. ವಿಲನ್ ಅಂದ್ರೆ ದಪ್ಪ ದನಿ ಅನ್ನೋ ಲೆಕ್ಕವೇ ತಪ್ಪು.

ಗಂಡಸರು ಮಾತಾಡುವಾಗ ಸ್ವರತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಸಲ ಅದುರುತ್ತವೆ, ಹೆಂಗಸರದು 200ರ ಆಸುಪಾಸು. ನಿಮ್ಮ ದನಿಯ ತಳದಲ್ಲೇ ಕೂತು ಜೋರಾಗಿ ಮಾತಾಡೋಕೆ ಹೋದ್ರೆ ಉಸಿರಿನ ಒತ್ತಡದಿಂದ ಆಗಬೇಕಾದ ಕೆಲಸವನ್ನ ಗಂಟಲ ಸ್ನಾಯು ಹಿಂಡಿ ಮಾಡಿಸ್ಬೇಕಾಗುತ್ತೆ. ತಂತುಗಳು ಉಜ್ಜಾಡಿ ಊದ್ಕೊಳ್ತವೆ. ಇದನ್ನೇ ತಿಂಗಳುಗಟ್ಟಲೆ ಮಾಡಿದ್ರೆ ತಂತುಗಳ ಮೇಲೆ ಗಂಟು ಬರಬಹುದು. ಫೋನಲ್ಲಿ ಯಾರದೋ ಮಾತಿಗೆ ಸುಮ್ನೆ ‘ಹ್ಞೂಂ’ ಅಂತೀವಲ್ಲ, ಆ ಶ್ರುತಿಯೇ ನಿಮ್ಮ ಮನೆ. ಅಲ್ಲಿಂದ ಒಂದೆರಡು ಸ್ವರ ಕೆಳಗೆ ಹೋಗಿ, ಸಾಕು. ಮಿಕ್ಕ ಭಾರ ನಿಧಾನದಿಂದ, ನಿಲುಗಡೆಯಿಂದ ಬರ್ಲಿ. ಕಾರ್ಡಿಯಾಯ್ಡ್ ಮೈಕಿಗೆ (ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯೋ ಮೈಕ್) ನಾಲ್ಕು ಬೆರಳು ಹತ್ರ ಬಂದು ಮೆಲ್ಲಗೆ ಮಾತಾಡಿದ್ರೆ ಬೇಸ್, ಅಂದ್ರೆ ದನಿಯ ದಪ್ಪ, ತಾನಾಗೇ ಏರುತ್ತೆ. ಪುಕ್ಕಟೆ ಸಿಗೋದಕ್ಕೆ ಗಂಟಲು ಯಾಕೆ ಹರ್ಕೋತೀರಿ?

ಬೆಳಗ್ಗೆ ಕೆಟ್ಟು ಮಧ್ಯಾಹ್ನಕ್ಕೆ ಸರಿಹೋಗೋದಕ್ಕೆ ಇನ್ನೊಂದು ಕಾರಣ ಇರಬಹುದು: ತಡವಾದ ಊಟ. ಮಲಗಿದಾಗ ಹೊಟ್ಟೆಯ ಆಮ್ಲ ಗಂಟಲವರೆಗೂ ಹತ್ತುತ್ತೆ. ಎದೆಯುರಿ ಇಲ್ದೆಯೂ ಹೀಗಾಗುತ್ತೆ. ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರ ಇಡಿ.

ಅಭ್ಯಾಸಕ್ಕೆ ಮುಂಚೆ ಹತ್ತು ನಿಮಿಷ ಸ್ಟ್ರಾ. ಅರ್ಧ ಲೋಟ ನೀರಲ್ಲಿ ಸ್ಟ್ರಾ ತುದಿ 2-3 ಸೆಂಟಿಮೀಟರ್ ಮುಳುಗಿಸಿ, ‘ಊ’ ಅಂತ ದನಿ ಬಿಡ್ತಾ ಗುಳ್ಳೆ ಎಬ್ಬಿಸಿ. ಕೆಳಗಿಂದ ಮೇಲೆ, ಮೇಲಿಂದ ಕೆಳಗೆ ಜಾರಿಸಿ, ಕೆನ್ನೆ ಸಡಿಲ ಇರ್ಲಿ. ನೀರಿನ ಎದುರೊತ್ತಡ ಇರೋದ್ರಿಂದ ತಂತುಗಳು ಬಡಿದಾಡದೆ ಅದುರುತ್ತವೆ. ಆಮೇಲೆ ಮಕ್ಕಳು ಬೈಕ್ ಓಡಿಸೋ ಹಾಗೆ ತುಟಿ ‘ಬ್ರ್ರ್’. 25 ನಿಮಿಷ ಮಾತಾಡಿದ್ರೆ 10 ನಿಮಿಷ ಮೌನ. ಕಿರುಚೋ ಡೈಲಾಗ್ ಕೊನೆಗೆ, ಎರಡು ಮೂರು ಟೇಕಲ್ಲಿ ಮುಗೀಬೇಕು. ದನಿ ಕಟ್ಟಿದಾಗ ಪಿಸುಮಾತು ಬೇಡ, ಅದೂ ಹಿಂಡುತ್ತೆ. ಗಂಟಲು ಕ್ಯಾಕರಿಸ್ಬೇಡಿ, ಒಂದು ಗುಟುಕು ನೀರು ನುಂಗಿ.

ಕುಡಿದ ನೀರು ಸ್ವರತಂತುಗಳನ್ನ ಮುಟ್ಟೋದೇ ಇಲ್ಲ, ಅನ್ನನಾಳಕ್ಕೆ ಹೋಗುತ್ತೆ. ಹಾಗಾಗಿ ರೆಕಾರ್ಡಿಂಗಿಗೆ ಮುಂಚೆ ಒಂದು ಚೊಂಬು ಕುಡಿದ್ರೆ ಉಪಯೋಗ ಇಲ್ಲ, ದಿನವಿಡೀ ಕುಡೀತಿರಿ. ನೇರವಾಗಿ ತಲುಪೋದು ಹಬೆ. ಜ್ಯೇಷ್ಠಮಧು ದಿನಾ ತಿಂದ್ರೆ ಬಿಪಿ ಏರಬಹುದು, ನೆನಪಿರ್ಲಿ.

ಲೂಪ್_ಲಕ್ಷ್ಮಿ
ಮೈಕ್ ಬದಲಾಯಿಸ್ಬೇಡಿ, ಜಾಗ ಬದಲಾಯಿಸಿ. ಮೈಕ್ ಬಾಯಿಯ ಎದುರಿಗಲ್ಲ, ಒಂದು ಗೇಣು ದೂರದಲ್ಲಿ ಸ್ವಲ್ಪ ಪಕ್ಕಕ್ಕಿರ್ಲಿ, ನಡುವೆ ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡೆಯೋ ಜಾಲರಿ). ನಾಲ್ಕು ಬೆರಳು ಹತ್ರ ಬರುವಾಗಲಂತೂ ಈ ಓರೆ ತಪ್ಪಬಾರದು. ಧಡ್ ಅಂತ ಹೆದರಿ ‘ಭಾರ’ವನ್ನ ‘ಬಾರ’ ಮಾಡಿದ್ರೆ ಇನ್ನೂ ಅನ್ಯಾಯ. ರೆಕಾರ್ಡಿಂಗ್ ಸೆಟ್ಟಿಂಗಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ಇಟ್ಟು, ಜೋರಾದ ಜಾಗದಲ್ಲೂ ದನಿಯ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡ್ಕೊಳ್ಳಿ. ಕೋಣೆಯ ಪ್ರತಿಧ್ವನಿ ತಗ್ಗೋಕೆ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದಿಟ್ಟು ಅದರ ಕಡೆ ಮುಖ ಮಾಡಿ, ಬೆನ್ನ ಹಿಂದೆ ರಜಾಯಿ.

ಡಬ್ಬಿಂಗಲ್ಲಿ ದನಿಗಿಂತ ತುಟಿ ದೊಡ್ಡದು. ಡಬ್ಬಿಂಗ್ ತಡೆಯೋದು ತಪ್ಪು ಅಂತ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಆದ್ಮೇಲೆ ಕನ್ನಡಕ್ಕೆ ಡಬ್ ಆಗೋ ಸಿನಿಮಾಗಳಿಗೆ ದಾರಿ ತೆರೀತು, ಆದ್ರೆ ಎಷ್ಟೋ ಡೈಲಾಗ್ ಇನ್ನೂ ಬಾಯಿಗೆ ಕೂರಲ್ಲ. ‘ಪ’, ‘ಬ’, ‘ಮ’ ಅಕ್ಷರಗಳಲ್ಲಿ ತುಟಿ ಪೂರ್ತಿ ಮುಚ್ಚುತ್ತೆ, ಅದು ಎಂಥ ನೋಡುಗನಿಗೂ ಕಾಣುತ್ತೆ. ತೆಲುಗಿನ ‘ವೆಳ್ಳಿಪೋ’ಗೆ ‘ಹೊರಟುಹೋಗು’ ಅಂದ್ರೆ ಕೊನೇಲಿ ತುಟಿ ಮುಚ್ಚೋ ಅಕ್ಷರವೇ ಇಲ್ಲ. ‘ಹೊರಟ್ಬಿಡು’ ಅಂದ್ರೆ ‘ಪ’ ಬಿದ್ದ ಹತ್ರಾನೇ ‘ಬ’ ಬೀಳುತ್ತೆ. ಮ್ಯೂಟ್ ಮಾಡಿದ ದೃಶ್ಯ ನೋಡಿ ತುಟಿ ಮುಚ್ಚೋ ಜಾಗಕ್ಕೆಲ್ಲ ಗೆರೆ ಹಾಕೋದನ್ನ ರೂಢಿಸ್ಕೊಳ್ಳಿ. ಸ್ಟುಡಿಯೋದಲ್ಲಿ ಮೂರು ಬೀಪ್ ಕೇಳಿಸಿದ್ರೆ, ಕೇಳಿಸದ ನಾಲ್ಕನೇ ಬೀಪಿನ ಜಾಗಕ್ಕೆ ಮಾತು ಶುರು. ಉಸಿರು ಎರಡನೇ ಬೀಪಿಗೇ ಒಳಗಿರ್ಬೇಕು.

ನಾಲಿಗೆಗೆ ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು’ಗಿಂತ ಒಳ್ಳೆ ಮೇಷ್ಟ್ರಿಲ್ಲ. ವೇಗ ಬೇಡ, ಪ್ರತಿ ರ ಬಿಡಿಬಿಡಿಯಾಗಿ ಕೇಳ್ಬೇಕು.

ಸುಮ್ನಿರಿ_ಸಾರ್
ಎರಡು ತಿಂಗಳಿಂದ ಹೀಗೇ ಅಂದ್ರೆ ಸ್ಟ್ರಾ ನಂಬ್ಕೊಂಡು ಕೂರೋದನ್ನ ನಾನು ಒಪ್ಪಲ್ಲ. ದನಿ ಒಡೆಯೋದು ಮೂರು ವಾರ ದಾಟಿದ್ರೆ ಇಎನ್‌ಟಿ ಡಾಕ್ಟರ್ ಕ್ಯಾಮೆರಾ ಹಾಕಿ ತಂತುಗಳನ್ನ ನೋಡ್ಲೇಬೇಕು. ಹೊರಗಿಂದ ಟಾರ್ಚ್ ಬಿಟ್ಟು ನೋಡಿದ್ರೆ ಕಾಣಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಇಎನ್‌ಟಿ ಸಂಸ್ಥೆ ಇದೆ, ದನಿಗೆ ಅಂತಲೇ ತರಬೇತಿ ಬೇಕಾದ್ರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಗಂಟಲು ನೋವಿದೆ ಅಂತ ಆಸ್ಪಿರಿನ್ ನುಂಗಿ ಕಿರುಚೋ ಸೀನ್ ಮಾಡ್ಬೇಡಿ, ತಂತುವಿನಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತೆ. ಪುದೀನ ಪೆಪ್ಪರ್‌ಮಿಂಟೂ ಅಷ್ಟೇ, ನೋವು ಗೊತ್ತಾಗದ ಹಾಗೆ ಮಾಡಿ ಇನ್ನಷ್ಟು ಎಳೆಸುತ್ತೆ.

ವಿಜಯನಗರದ_ದನಿ
ಈ ವಾರವೇ ತೋರಿಸ್ತೀನಿ ಸಾರ್. ಡಾಕ್ಟರ್ ಸರಿ ಅಂದ್ರೆ ಅಭ್ಯಾಸ ಬೆಳಗ್ಗೆ 6ಕ್ಕೆ ಇಟ್ಕೊಳ್ಲಾ?

ಉಸಿರು_ಮೊದಲು
ಎದ್ದ ತಕ್ಷಣ ಬೇಡ, ರಾತ್ರಿಯೆಲ್ಲ ಮಲಗಿದ್ದಕ್ಕೆ ತಂತುಗಳು ಸ್ವಲ್ಪ ಊದಿರ್ತವೆ. ಒಂದು ಗಂಟೆ ಬಿಟ್ಟು ಶುರು ಮಾಡಿ. ಆ ಹೊತ್ತಿಗೆ ಸೊಪ್ಪಿನವರ ಮೈಕು, ಪಕ್ಕದ ಮನೆ ಸಂಪ್ ಮೋಟರು ಎರಡೂ ಶುರುವಾಗಿರುತ್ತೆ. ಆದ್ರಿಂದ ಬೆಳಗ್ಗೆ ಬರೀ ಅಭ್ಯಾಸ, ರೆಕಾರ್ಡಿಂಗ್ ಸಂಜೆ ಊಟಕ್ಕೆ ಮುಂಚೆ.