ಅಜ್ಜಿಯ ಹೆಸರಿನ ಅರವಟ್ಟಿಗೆಗೆ ಮಧ್ಯಾಹ್ನದ ನೀರು ತುಂಬುವವರು ಯಾರು?

ತಮ್ಮಾ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಗುಂಪಿಗೆ ಕಳುಹಿಸಿದ ಸಂದೇಶವನ್ನು ಎರಡು ಸಲ ಕೇಳಿಸಿಕೊಂಡೆ. ಅಜ್ಜಿಯ ವರ್ಷಾಂತಿಕಕ್ಕೆ ಊರಿಗೆ ಏನಾದರೂ ಮಾಡಬೇಕು, ಮನೆಗೆ ಹತ್ತು ಸಾವಿರದಂತೆ ಕೂಡಿಸಿ ಬಸ್ ನಿಲ್ದಾಣದ ಬಳಿ ಅವಳ ಹೆಸರಿನ ಕಮಾನು ಕಟ್ಟಿಸೋಣವೇ ಎಂದು ಕೇಳಿದ್ದೀ. ನಿನ್ನ ಮನಸ್ಸು ದೊಡ್ಡದು. ಆದರೆ ಅದೇ ನಿಲ್ದಾಣದಲ್ಲಿ ಮೊದಲು ಒಂದು ಅರವಟ್ಟಿಗೆ ಇಡೋಣ ಎಂದು ನಾನು ಕೇಳಿಕೊಳ್ಳುತ್ತೇನೆ.

ನಮ್ಮ ರಾಯಚೂರು ಸೀಮೆಯ ಬಿಸಿಲು ನಿನಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8 ಗಂಟೆಗೇ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಹೀಗಾಗಿ ಪಿಂಚಣಿಗೆಂದು, ಪಹಣಿಗೆಂದು ತಾಲೂಕಿಗೆ ಹೋದ ಮುದುಕರೆಲ್ಲ ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿಯೇ ಬಸ್ಸಿನಿಂದ ಇಳಿಯುತ್ತಾರೆ. ಹೋದ ಬೇಸಿಗೆಯಲ್ಲಿ ಒಂದು ಸಂಘದವರು ಇಲ್ಲಿ ಬ್ಯಾನರ್ ಕಟ್ಟಿ, ನಾಲ್ಕು ಗಡಿಗೆಗಳನ್ನಿಟ್ಟು, ಫೋಟೋ ತೆಗೆಸಿಕೊಂಡು ಹೋದರು. ಬೆಳಿಗ್ಗೆ ತುಂಬಿದ ನೀರು ಹನ್ನೊಂದಕ್ಕೇ ಮುಗಿಯುತ್ತಿತ್ತು. ಒಂದು ದಿನ ಎರಡು ಗಂಟೆಯ ಸುಮಾರಿಗೆ ನಾನು ಅಲ್ಲಿ ನಿಂತಿದ್ದಾಗ, ಕೈಯಲ್ಲಿ ಕಾಗದಪತ್ರದ ಚೀಲ ಹಿಡಿದಿದ್ದ ಒಬ್ಬ ಮುದುಕಿ ಗಡಿಗೆಯ ಮುಚ್ಚಳ ತೆಗೆದು ಒಳಗೆ ನೋಡಿ, ಏನೂ ಅನ್ನದೆ ಅದನ್ನು ಮತ್ತೆ ಹಾಗೆಯೇ ಮುಚ್ಚಿಟ್ಟಳು. ಆ ಮುಚ್ಚಳದ ಸಪ್ಪಳ ಇಂದಿಗೂ ನನ್ನ ಕಿವಿಯಲ್ಲಿದೆ. ಅರವಟ್ಟಿಗೆ ಇಡುವುದು ಸುಲಭ. ಅದರ ಪುಣ್ಯವೆಲ್ಲ ಎರಡನೆಯ ಸಲ ತುಂಬುವುದರಲ್ಲಿದೆ ಎಂದು ನನಗೆ ಅಂದು ತಿಳಿಯಿತು.

ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ತಾಯಿಯೊಬ್ಬಳು ಮಗುವಿಗೆ ಹಾಲೂಡಿಸುತ್ತಲೇ ಅದರ ಕಿವಿಯಲ್ಲಿ, ಕೆರೆ ಕಟ್ಟಿಸು, ಬಾವಿ ತೋಡಿಸು ಎಂದು ಹೇಳುತ್ತಾಳೆ. ಕೆರೆ ಕಟ್ಟಿಸುವ ಶಕ್ತಿ ನಮಗಿಲ್ಲ, ಗಡಿಗೆ ತುಂಬುವ ಶಕ್ತಿ ಇದೆ.

ಖರ್ಚನ್ನೂ ಲೆಕ್ಕ ಹಾಕಿದ್ದೇನೆ. ಇಪ್ಪತ್ತು ಲೀಟರಿನ ನಾಲ್ಕು ಗಡಿಗೆಗಳನ್ನು ದಿನಕ್ಕೆರಡು ಸಲ ತುಂಬಿದರೆ 160 ಲೀಟರ್ ಆಗುತ್ತದೆ. ಒಬ್ಬರು ಕಾಲು ಲೀಟರ್ ಕುಡಿದರೂ ಆರುನೂರಕ್ಕೂ ಹೆಚ್ಚು ಜನರ ಬಾಯಾರಿಕೆ ತಣಿಯುತ್ತದೆ. ನಮ್ಮೂರ ಶುದ್ಧ ನೀರಿನ ಘಟಕದಲ್ಲಿ ಇಪ್ಪತ್ತು ಲೀಟರಿನ ಕ್ಯಾನಿಗೆ 5 ರೂಪಾಯಿ, ಅಂದರೆ ದಿನಕ್ಕೆ 40 ರೂಪಾಯಿ. ಯುಗಾದಿಯಿಂದ ಮೃಗಶಿರಾ ಮಳೆಯವರೆಗೆ ಸುಮಾರು 80 ದಿನ ಎಂದು ಹಿಡಿದರೂ 3,200 ರೂಪಾಯಿ ಮೀರುವುದಿಲ್ಲ.

ಸ್ಟೀಲಿನ ಡ್ರಮ್ ತರೋಣ ಎಂದು ಕಾಕಾ ಹೇಳಿದ್ದಾರೆ. ದಯವಿಟ್ಟು ಮಣ್ಣಿನ ಗಡಿಗೆಯೇ ಇರಲಿ. ಅದರ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಒಣಗಿದಷ್ಟೂ ನೀರು ತಂಪಾಗುವುದರಿಂದ ಮಂಗಳೂರಿನ ಕಡೆಗಿಂತ ನಮ್ಮ ಕಡೆಯ ಬೇಸಿಗೆಗೆ ಅದು ಹೆಚ್ಚು ಒಗ್ಗುತ್ತದೆ. ಅಡಿಯಲ್ಲಿ ಉಸುಕು ಹಾಸಿ ಅದನ್ನು ಹಸಿಯಾಗಿಟ್ಟು, ಗಡಿಗೆಗೆ ಒದ್ದೆ ಗೋಣಿಚೀಲ ಸುತ್ತಿದರೆ ಸಾಕು. ಸಾಬೂನು ಹಚ್ಚಿ ತೊಳೆಯಬಾರದು, ಮಣ್ಣು ಅದನ್ನು ಹೀರಿಕೊಳ್ಳುತ್ತದೆ. ತೆಂಗಿನ ನಾರಿನಿಂದ ತಿಕ್ಕಿದರಾಯಿತು. ನೀರು ಮೊಗೆಯಲು ಉದ್ದ ಹಿಡಿಕೆಯ ಪಾತ್ರೆ ಇರಲಿ, ಯಾರ ಕೈಯೂ ನೀರಿಗೆ ತಾಗಬಾರದು. ರಾಮನವಮಿಯ ದಿನ ಮಾತ್ರ ಬೆಲ್ಲ, ಏಲಕ್ಕಿ, ಮೆಣಸು ಹಾಕಿ ಪಾನಕ ಮಾಡೋಣ. ಅಜ್ಜಿಗೆ ಅದು ಬಹಳ ಇಷ್ಟವಾಗಿತ್ತು.

ಹೆಸರಿನ ಫಲಕ ಬೇಡ ಎಂದು ನಾನು ಹಟ ಹಿಡಿಯುವುದಿಲ್ಲ. ಹಾಕಲೇಬೇಕೆಂದರೆ ಮಳೆ ಬಂದ ಮೇಲೆ ಹಾಕಿರಿ. ಪುಣೆಯಲ್ಲಿರುವ ನೀನು ರಜೆಗೆ ಬಂದ ವಾರ ನಿನ್ನ ಪಾಳಿ ಮಾಡಿದರೆ ಸಾಕು, ದುಡ್ಡು ಕಳುಹಿಸುವ ಅವಸರವಿಲ್ಲ. ಬೆಳಗಿನ ನೀರಿಗೆ ನಿಲ್ದಾಣದ ಪಕ್ಕದ ದರ್ಜಿ ಒಪ್ಪಿಕೊಂಡಿದ್ದಾನೆ. ಹನ್ನೆರಡೂವರೆಯ ನೀರಿಗೆ ಮನೆಯವರೇ ಬೇಕು. ಸೋಮವಾರ ಮತ್ತು ಗುರುವಾರ ನನ್ನವು. ಉಳಿದ ಐದು ದಿನಗಳಿಗೆ ಯಾರು ಯಾರು ಬರುತ್ತೀರಿ ಎಂಬುದನ್ನು ಇದರ ಕೆಳಗೆ ಬರೆಯಿರಿ.