ಠಾಣೆಗೆ ಲೈವ್ ಫೀಡ್ ಕೊಡಬೇಕಾ? ಭಾನುವಾರದ ಸಭೆಗೆ ಮುಂಚೆ ಎಲ್ಲರೂ ಓದಿ

ಮನೆ 41, 3ನೇ ಅಡ್ಡರಸ್ತೆ
ಠಾಣೆಯಿಂದ ಮೂರು ಕೋರಿಕೆ ಬಂದಿದೆ, ಮೂರೂ ಬಾಯ್ಮಾತಲ್ಲಿ: ನಮ್ಮ ನಿವಾಸಿಗಳ ಸಂಘದ 16 ಕ್ಯಾಮೆರಾಗಳ ಲೈವ್ ಫೀಡ್, ಎನ್‌ವಿಆರ್‌ನ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡೋ ಯಂತ್ರ) ಅಡ್ಮಿನ್ ಪಾಸ್‌ವರ್ಡ್, ಗೇಟ್ ಆ್ಯಪ್‌ನಲ್ಲಿರೋ ಸಂದರ್ಶಕರ ಪಟ್ಟಿ ಪ್ರತಿ ತಿಂಗಳು. ಭಾನುವಾರ ತೀರ್ಮಾನ ಆಗಬೇಕು. ಅಲ್ಲೀವರೆಗೆ ಪಾಸ್‌ವರ್ಡ್ ಯಾರಿಗೂ ಹೋಗೋದು ಬೇಡ. ಕಾನೂನು, ನೆಟ್‌ವರ್ಕ್ ಗೊತ್ತಿರೋರು ಇಲ್ಲೇ ಬರೀರಿ. ಗುಡ್ ಮಾರ್ನಿಂಗ್ ಚಿತ್ರಗಳಿಗೆ ಮೂರು ದಿನ ರಜೆ.

ಮನೆ 12, 1ನೇ ಅಡ್ಡರಸ್ತೆ
ಚರ್ಚೆ ಮಾಡೋಕೆ ಏನಿದೆ? ಬೈಕ್ ಕಳ್ಳತನ, ಸರಗಳ್ಳತನ ನಿಲ್ಲಬೇಕು ಅಂದ್ರೆ ಪೊಲೀಸರು ನೋಡ್ಲಿ ಬಿಡಿ. ತಪ್ಪು ಮಾಡದವನಿಗೆ ಯಾಕೆ ಭಯ?

ಮನೆ 27, 2ನೇ ಅಡ್ಡರಸ್ತೆ
ಪೊಲೀಸರಿಗೆ ದೃಶ್ಯ ಕೊಡಬೇಡಿ ಅಂತ ಯಾರೂ ಅನ್ನೋದಿಲ್ಲ. ಯಾವ ಘಟನೆಗೆ, ಎಷ್ಟು ಹೊತ್ತಿನದು, ಯಾವ ಕಾಗದದ ಮೇಲೆ ಅನ್ನೋದಷ್ಟೇ ಪ್ರಶ್ನೆ.

ತನಿಖೆಗೆ ಬೇಕಾದ ದಾಖಲೆ ತರಿಸಿಕೊಳ್ಳುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂನಲ್ಲಿದೆ, ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 91. ಠಾಣಾಧಿಕಾರಿ ಲಿಖಿತ ಆದೇಶ ಕೊಡಬೇಕು; ಎಲೆಕ್ಟ್ರಾನಿಕ್ ರೂಪದಲ್ಲೂ ಕೊಡಬಹುದು. ಬೀಟ್ ಪೊಲೀಸರು ಗೇಟ್ ಹತ್ರ ನಿಂತು ಕೇಳಿದ್ದು ಆ ಆದೇಶ ಆಗೋದಿಲ್ಲ. ಆ ಕಲಂ ಇರೋದು ನಡೆಯುತ್ತಿರುವ ತನಿಖೆಗೆ ಬೇಕಾದ ನಿರ್ದಿಷ್ಟ ವಸ್ತುವಿಗೆ. ನಾಳೆ, ನಾಡಿದ್ದು, ಮುಂದಿನ ವರ್ಷ ಯಾರ್ಯಾರು ಇಲ್ಲಿ ಓಡಾಡ್ತಾರೋ ಅವರೆಲ್ಲರನ್ನೂ ನೋಡ್ತಾ ಇರೋಕೆ ಅದರಲ್ಲಿ ಜಾಗ ಇಲ್ಲ.

2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಬೇರೆ. ಏಕಕಾಲಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯ 30 ದಿನ ಇಟ್ಟಿರಬೇಕು, ಕೇಳಿದಾಗ ಒದಗಿಸಬೇಕು. ನಮ್ಮ ರಸ್ತೆಗಳಲ್ಲಿ ಅಷ್ಟು ಜನ ಸೇರಲ್ಲ. ಮದುವೆ ಸೀಸನ್‌ನಲ್ಲಿ ಸಮುದಾಯ ಭವನದಲ್ಲಿ ಸೇರ್ತಾರೆ. ಅಲ್ಲಿನ 3 ಕ್ಯಾಮೆರಾಗಳದ್ದು ಮಾತ್ರ 30 ದಿನ ಇಡೋದು ಕ್ಷೇಮ.

"ಯಾಕೆ ಭಯ" ಅನ್ನೋದಕ್ಕೆ: 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದ್ರು. ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರ ಈ ಹಕ್ಕಿನೊಳಗೆ ಕೈಹಾಕಬೇಕಾದ್ರೆ ಅದಕ್ಕೊಂದು ಕಾನೂನು ಇರಬೇಕು, ಉದ್ದೇಶ ನ್ಯಾಯಸಮ್ಮತವಾಗಿರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ನಮ್ಮ ಮುಂದಿರೋ ಕೋರಿಕೆ ಮೊದಲ ಮೆಟ್ಟಿಲಲ್ಲೇ ಮುಗ್ಗರಿಸುತ್ತೆ, ಕಾಗದವೇ ಇಲ್ಲ.

ಫೋನ್ ಕದ್ದಾಲಿಸೋಕೂ ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬೇಕು. 60 ದಿನಕ್ಕೆ ಅದರ ಅವಧಿ ಮುಗಿಯುತ್ತೆ, ವಿಸ್ತರಿಸಿದ್ರೂ 180 ದಿನ ದಾಟೋ ಹಾಗಿಲ್ಲ, ಮೇಲೊಂದು ಪರಿಶೀಲನಾ ಸಮಿತಿ ಇರುತ್ತೆ. ಕದ್ದಾಲಿಕೆ ವಿವಾದಕ್ಕೆ 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟ ರಾಜ್ಯ ಇದು. ಲೈವ್ ಫೀಡ್‌ಗೆ ಆದೇಶವೂ ಇಲ್ಲ, ಅವಧಿಯೂ ಇಲ್ಲ, ಕೇಳೋರೂ ಇಲ್ಲ.

ಮನೆ 33, 2ನೇ ಅಡ್ಡರಸ್ತೆ
ಹೊಸ ಡೇಟಾ ಸಂರಕ್ಷಣಾ ಕಾಯ್ದೆ ನಮ್ಮನ್ನ ಕಾಪಾಡಲ್ವಾ?

ಮನೆ 27, 2ನೇ ಅಡ್ಡರಸ್ತೆ
ಸರ್ಕಾರದಿಂದ ಕಾಪಾಡೋದು ಕಡಿಮೆ. 2023ರ ಆ ಕಾಯ್ದೆಯ 17ನೇ ಕಲಂನಲ್ಲಿ ಅಪರಾಧ ತಡೆ, ತನಿಖೆಗೆ ದೊಡ್ಡ ವಿನಾಯಿತಿ ಇದೆ. ಕೇಂದ್ರ ಅಧಿಸೂಚನೆ ಹೊರಡಿಸಿದ ಸರ್ಕಾರಿ ಸಂಸ್ಥೆಗಳಿಗೆ ಪೂರ್ತಿ ವಿನಾಯಿತಿ. ಆದರೆ ನಮ್ಮ ಸಂಘಕ್ಕೆ ಆ ಕಾಯ್ದೆ ಅನ್ವಯಿಸುತ್ತೆ, ಇದನ್ನ ಎಲ್ಲರೂ ಮರೀತಾರೆ. ಮನೆಬಳಕೆಗೆ ವ್ಯಕ್ತಿಯೊಬ್ಬರು ಇಟ್ಟ ಕ್ಯಾಮೆರಾಗೆ ಕಾಯ್ದೆ ತಾಗಲ್ಲ. ಸಂಘಕ್ಕೆ ಆ ಮನೆಬಳಕೆ ವಿನಾಯಿತಿ ಇಲ್ಲ, ಕಾಯ್ದೆ ಹೊಣೆ ಹೊರಿಸೋ "ವ್ಯಕ್ತಿ"ಗಳಲ್ಲಿ ಸಂಘಗಳೂ ಸೇರ್ತವೆ. ಡೇಟಾ ಭದ್ರವಾಗಿ ಇಡದಿದ್ರೆ ದಂಡದ ಮಿತಿ 250 ಕೋಟಿ ರೂಪಾಯಿ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಹೊಣೆಗಳು 18 ತಿಂಗಳ ನಂತರ, ಅಂದ್ರೆ 2027ರ ಮೇನಲ್ಲಿ ಜಾರಿಗೆ. ಮನೆಗೆಲಸದವರ ಫೋಟೋ, ಫೋನ್ ನಂಬರು, ಬಂದು ಹೋದ ಸಮಯ ಎಲ್ಲ ಗೇಟ್ ಆ್ಯಪ್‌ನಲ್ಲಿದೆ. ಅವರನ್ನ ಯಾರಾದ್ರೂ ಒಪ್ಪಿಗೆ ಕೇಳಿದ್ದಾರಾ?

ಮನೆ 58, 4ನೇ ಅಡ್ಡರಸ್ತೆ
ತಾಂತ್ರಿಕ ಭಾಗ ನಾನು ಬರೀತೀನಿ.

ಅಡ್ಮಿನ್ ಪಾಸ್‌ವರ್ಡ್ ಕೊಡೋದು ಅಂದ್ರೆ ನೋಡೋ ಅನುಮತಿಯಷ್ಟೇ ಕೊಟ್ಟ ಹಾಗಲ್ಲ. ರೆಕಾರ್ಡಿಂಗ್ ಅಳಿಸಬಹುದು, ಗಡಿಯಾರ ಬದಲಾಯಿಸಬಹುದು, ಮೈಕ್ ಆನ್ ಮಾಡಬಹುದು, ಲಾಗ್ ಒರೆಸಬಹುದು. ಆ ಪಾಸ್‌ವರ್ಡ್ ಠಾಣೆಯಲ್ಲಿ ಯಾವುದೋ ವಾಟ್ಸ್ಆ್ಯಪ್ ಗುಂಪಿಗೆ ಬಿತ್ತು ಅಂದ್ರೆ ವರ್ಗಾವಣೆಯಾಗಿ ಹೋದವರ ಫೋನಲ್ಲೂ ಅದು ಉಳಿಯುತ್ತೆ. ಮುಂದೆ ಯಾವುದಾದ್ರೂ ದೃಶ್ಯ ಕೋರ್ಟಿಗೆ ಹೋದಾಗ "ಈ ಯಂತ್ರ ಯಾರ್ಯಾರ ಕೈಲಿತ್ತು" ಅಂತ ಆರೋಪಿ ಪರ ವಕೀಲರು ಕೇಳಿದ್ರೆ ಉತ್ತರ ಇರಲ್ಲ.

ಇವತ್ತೇ ಮಾಡಬೇಕಾದ್ದು: ರೂಟರ್‌ನಲ್ಲಿ ಯುಪಿಎನ್‌ಪಿ (ಹೊರಗಿನ ಇಂಟರ್ನೆಟ್‌ಗೆ ತಾನಾಗೇ ದಾರಿ ತೆರೆಯೋ ಸೌಲಭ್ಯ) ಆಫ್. ಹೊರಗಿನಿಂದ ಕ್ಯಾಮೆರಾ ನೋಡೋಕೆ ಬಳಸೋ 554, 8000, 37777 ಪೋರ್ಟ್ ಫಾರ್ವರ್ಡ್ ಆಗಿದ್ರೆ ತೆಗೀರಿ. ಎನ್‌ವಿಆರ್ ಮೈಮೇಲಿರೋ ಕ್ಯೂಆರ್ ಸ್ಟಿಕ್ಕರ್ ಸೆಕ್ಯುರಿಟಿ ಕೋಣೇಲಿ ಎಲ್ಲರಿಗೂ ಕಾಣುತ್ತೆ. ಪಿ2ಪಿ ಕ್ಲೌಡ್ (ಆ ಕ್ಯೂಆರ್ ಸ್ಕ್ಯಾನ್ ಮಾಡಿ ಮೊಬೈಲ್‌ನಿಂದ ಎನ್‌ವಿಆರ್ ಸೇರೋ ಸೌಲಭ್ಯ) ಬಂದ್ ಮಾಡಿ, ಸ್ಟಿಕ್ಕರ್ ಮುಚ್ಚಿ. ಅಡ್ಮಿನ್ ಖಾತೆ ಒಂದೇ, ಪಾಸ್‌ವರ್ಡ್ 16 ಅಕ್ಷರ, ಇಬ್ಬರು ಪದಾಧಿಕಾರಿಗಳ ಸಹಿ ಇರೋ ಮುಚ್ಚಿದ ಲಕೋಟೆಯಲ್ಲಿ. ಗಾರ್ಡ್‌ಗಳಿಗೆ ಲೈವ್ ಮಾತ್ರ ಕಾಣೋ ಬೇರೆ ಖಾತೆ. ಮಹಡಿ ಕಿಟಕಿ, ಎದುರು ಮನೆ ಅಂಗಳ ಕಾಣೋ ಕಡೆ ಪ್ರೈವಸಿ ಮಾಸ್ಕ್ (ದೃಶ್ಯದ ಆ ಭಾಗ ಮರೆಮಾಡೋ ಸೆಟ್ಟಿಂಗ್) ಹಾಕಿ. ಉದ್ಯಾನದ ಬೆಂಚಿನ ಮೇಲಿರೋ ಕ್ಯಾಮೆರಾದ ಮೈಕ್ ಕೂಡಲೇ ನಿಲ್ಲಿಸಿ, ಅಲ್ಲಿನ ಹರಟೆ ಯಾರಿಗೂ ಬೇಡ.

ಸಂಗ್ರಹದ ಲೆಕ್ಕ: ಸೆಕೆಂಡಿಗೆ 2 ಮೆಗಾಬಿಟ್ (ಎಂಬಿಪಿಎಸ್) ಅಂದ್ರೆ ಕ್ಯಾಮೆರಾಗೆ ದಿನಕ್ಕೆ 21.6 ಜಿಬಿ. 16ಕ್ಕೆ ಸುಮಾರು 346 ಜಿಬಿ. ಈಗಿರೋ 6 ಟಿಬಿ ಡ್ರೈವ್ 17 ದಿನಕ್ಕೆ ತುಂಬಿ ಹಳೇದರ ಮೇಲೆ ಬರೆಯುತ್ತೆ. ಭವನದ 3 ಕ್ಯಾಮೆರಾಗೆ 30 ದಿನ, ಉಳಿದ 13ಕ್ಕೆ 15 ದಿನ ಇಟ್ರೆ 6.2 ಟಿಬಿ ಹತ್ತಿರ ಬೇಕು, 8 ಟಿಬಿ ಡ್ರೈವ್ ಸಾಕು. ಎಲ್ಲಕ್ಕೂ 90 ದಿನ ಇಡೋಣ ಅನ್ನೋರಿಗೆ ಒಂದು ಮಾತು: ಇಟ್ಟದ್ದನ್ನೆಲ್ಲ ಕೇಳಬಹುದು, ಕದಿಯಲೂಬಹುದು.

ಮನೆ 12, 1ನೇ ಅಡ್ಡರಸ್ತೆ
ಮುಖ ಗುರುತಿಸೋ ಸಾಫ್ಟ್‌ವೇರ್ ಇದ್ರೆ ಕಳ್ಳರು ತಕ್ಷಣ ಸಿಕ್ಕಿಬೀಳ್ತಾರಂತೆ. ಅದಕ್ಕಾದ್ರೂ ಫೀಡ್ ಬೇಕಲ್ವಾ?

ಮನೆ 58, 4ನೇ ಅಡ್ಡರಸ್ತೆ
ನಮ್ಮ ಕ್ಯಾಮೆರಾಗಳಿಂದ ಆಗದ ಕೆಲಸ. ಅಪರಿಚಿತರ ಗುರುತು ಹಿಡಿಯೋಕೆ 2014ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಮೀಟರಿಗೆ 250 ಪಿಕ್ಸೆಲ್ ಬೇಕಿತ್ತು. ನಮ್ಮದು 2 ಮೆಗಾಪಿಕ್ಸೆಲ್, 2.8 ಎಂಎಂ ಲೆನ್ಸ್, ಅಡ್ಡಕ್ಕೆ 1920 ಪಿಕ್ಸೆಲ್. ಕಂಬದಿಂದ 3 ಮೀಟರ್ ಆಚೆ ಹೋದ್ರೆ ಆ ಮಟ್ಟ ಇಲ್ಲ. 10 ಮೀಟರ್‌ಗೆ ಮೀಟರಿಗೆ 75ರ ಆಸುಪಾಸು. ಮಸುಕು ಮುಖ ಕೊಟ್ಟಾಗ ಸಾಫ್ಟ್‌ವೇರ್ "ಗೊತ್ತಿಲ್ಲ" ಅನ್ನಲ್ಲ, ಹೋಲುವವರ ಪಟ್ಟಿ ಕೊಡುತ್ತೆ. ಹೋಲಿಕೆ 80 ಶೇಕಡಾ ದಾಟಿದ್ರೆ ಸರಿಹೊಂದಿದೆ ಅಂತ ಪರಿಗಣಿಸ್ತೀವಿ ಅಂತ ದೆಹಲಿ ಪೊಲೀಸರೇ 2022ರಲ್ಲಿ ಆರ್‌ಟಿಐ ಉತ್ತರದಲ್ಲಿ ಹೇಳಿದ್ರು. ಅಲ್ಲಿ ಆ ವ್ಯವಸ್ಥೆ ಬಂದದ್ದು ಕಾಣೆಯಾದ ಮಕ್ಕಳನ್ನ ಹುಡುಕೋಕೆ. ಆಮೇಲೆ ಅದು ಪ್ರತಿಭಟನೆ, ಗಲಭೆ ಪ್ರಕರಣಗಳಿಗೂ ಹೋಯ್ತು.

ಮನೆ 6, 1ನೇ ಅಡ್ಡರಸ್ತೆ
ಎಲ್ಲರೂ ಬಿಡೋ ವಿಷಯ, ಗಡಿಯಾರ. ಎನ್‌ವಿಆರ್ ಬೋರ್ಡಿನ ನಾಣ್ಯದಂಥ ಸೆಲ್ ಸತ್ತಿದ್ರೆ ಕರೆಂಟ್ ಹೋಗಿ ಬಂದಾಗ ದಿನಾಂಕ ಯಾವುದೋ ಹಳೇ ಇಸವಿಗೆ ಜಿಗಿಯುತ್ತೆ. ಎನ್‌ಟಿಪಿ (ಇಂಟರ್ನೆಟ್‌ನಿಂದ ಸಮಯ ಸರಿಮಾಡಿಕೊಳ್ಳೋ ಸೌಲಭ್ಯ) ಆನ್ ಮಾಡಿ, ಭಾರತದ ಟೈಮ್‌ಝೋನ್ ಇಡಿ. ಸಮಯ ಹಿಂದೆ ಮುಂದೆ ಇದ್ರೆ ತಿದ್ದೋಕೆ ಮುಂಚೆ, ಎನ್‌ವಿಆರ್ ಪರದೆ ಪಕ್ಕ ಮೊಬೈಲ್ ಗಡಿಯಾರ ಇಟ್ಟು ಒಂದು ಫೋಟೋ ತೆಗೀರಿ. ಎಷ್ಟು ನಿಮಿಷ ವ್ಯತ್ಯಾಸ ಇತ್ತು ಅನ್ನೋದಕ್ಕೆ ಅದೊಂದೇ ಪುರಾವೆ.

ದೃಶ್ಯ ಕೊಡೋ ಕ್ರಮ: ಘಟನೆಗೆ ಅರ್ಧ ಗಂಟೆ ಹಿಂದಿನಿಂದ ಅರ್ಧ ಗಂಟೆ ನಂತರದವರೆಗೆ ಮಾತ್ರ, ಸಂಬಂಧಪಟ್ಟ ಕ್ಯಾಮೆರಾಗಳದ್ದು ಮಾತ್ರ. ಯಂತ್ರದ ಮೂಲ ಸ್ವರೂಪದಲ್ಲೇ ಹೊಸ ಪೆನ್ ಡ್ರೈವ್‌ಗೆ, ಜೊತೆಗೆ ಅದನ್ನ ತೆರೆದು ನೋಡೋ ಪ್ಲೇಯರ್ ಸಾಫ್ಟ್‌ವೇರ್. ವಿಂಡೋಸ್‌ನಲ್ಲೇ ಇರೋ ಸರ್ಟ್‌ಯುಟಿಲ್ ಕಮಾಂಡ್‌ನಿಂದ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲ್ ಬದಲಾದ್ರೆ ಇದೂ ಬದಲಾಗುತ್ತೆ) ತೆಗೀರಿ, 64 ಅಕ್ಷರದ ಒಂದು ಸಾಲು ಬರುತ್ತೆ. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರದ ಎ ಭಾಗದಲ್ಲಿ ಅದನ್ನ ಬರೆದು ಸಹಿ ಮಾಡೋದು ನಾವು, ಬಿ ಭಾಗ ತಜ್ಞರದ್ದು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ರೆ ವಿಡಿಯೋ ಕುಗ್ಗುತ್ತೆ, ಹ್ಯಾಶ್ ಬದಲಾಗುತ್ತೆ. ಎಂಪಿ4ಗೆ ಪರಿವರ್ತಿಸಿದ್ರೂ ಅಷ್ಟೇ. ಪೆನ್ ಡ್ರೈವ್ ಕೊಟ್ಟು ಸ್ವೀಕೃತಿ ತಗೊಳ್ಳಿ.

ಮನೆ 41, 3ನೇ ಅಡ್ಡರಸ್ತೆ
ಠಾಣೆಗೆ ಕೊಡೋ ಪತ್ರದ ಕರಡು:

"ಮಾನ್ಯರೇ, ತಮ್ಮ ಮೌಖಿಕ ಕೋರಿಕೆಯನ್ನು ಸಂಘ ಪರಿಶೀಲಿಸಿದೆ. ನಿರ್ದಿಷ್ಟ ಪ್ರಕರಣ ಸಂಖ್ಯೆ, ದಿನಾಂಕ, ಸಮಯ ಹಾಗೂ ಸ್ಥಳ ನಮೂದಿಸಿದ ಲಿಖಿತ ಆದೇಶ ಬಂದಲ್ಲಿ ದೃಶ್ಯವನ್ನು ಪ್ರಮಾಣಪತ್ರ ಸಹಿತ ಒದಗಿಸುತ್ತೇವೆ. ನಿರಂತರ ನೇರಪ್ರಸಾರ, ಪಾಸ್‌ವರ್ಡ್ ಹಾಗೂ ಸಂದರ್ಶಕರ ಮಾಸಿಕ ಪಟ್ಟಿಯನ್ನು ಯಾವ ಕಾನೂನು ಅಥವಾ ಸುತ್ತೋಲೆಯಡಿ ಕೋರಲಾಗಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ."

ಎರಡು ಪ್ರತಿ, ಒಂದಕ್ಕೆ ಠಾಣೆಯ ಸೀಲು ಹಾಕಿಸಿ ತರೋದು. ಸ್ವೀಕರಿಸದಿದ್ರೆ ಸ್ಪೀಡ್ ಪೋಸ್ಟ್.

ಮನೆ 27, 2ನೇ ಅಡ್ಡರಸ್ತೆ
ಕರಡು ಸರಿಯಿದೆ. ಜೊತೆಗೇ ಆರ್‌ಟಿಐ ಹಾಕಿ, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಎರಡು ಅರ್ಜಿ ಮಾಡಿ: ಒಂದರಲ್ಲಿ ಖಾಸಗಿ ಕ್ಯಾಮೆರಾ ಫೀಡ್ ಪಡೆಯುವ ಆದೇಶದ ಪ್ರತಿ, ಇನ್ನೊಂದರಲ್ಲಿ ಆ ದೃಶ್ಯ ಎಷ್ಟು ದಿನ ಇಡ್ತಾರೆ, ಯಾರು ನೋಡ್ತಾರೆ ಅನ್ನೋ ದಾಖಲೆ. "ಯಾಕೆ" ಅಂತ ಕೇಳಬೇಡಿ, ಅದು ಮಾಹಿತಿಯಲ್ಲ ಅಂತ ತಳ್ಳಿಹಾಕ್ತಾರೆ. ಪ್ರತಿ ಕೇಳಿ. 30 ದಿನ ಕಾದು, ಉತ್ತರ ಬರದಿದ್ರೆ ಮೊದಲ ಮೇಲ್ಮನವಿ.

ಮನೆ 12, 1ನೇ ಅಡ್ಡರಸ್ತೆ
ಸರಿ, ಲೈವ್ ಬೇಡ ಅಂತಾನೇ ಇಟ್ಕೊಳ್ಳೋಣ. ರಾತ್ರಿ 2 ಗಂಟೆಗೆ ಕಳ್ಳತನ ಆದ್ರೆ ಲಕೋಟೆ ಒಡೆದು, ಇಬ್ಬರು ಪದಾಧಿಕಾರಿಗಳನ್ನ ಎಬ್ಬಿಸಿ, ಹ್ಯಾಶ್ ತೆಗೆಯೋಷ್ಟರಲ್ಲಿ ಕಳ್ಳ ತುಮಕೂರು ದಾಟಿರ್ತಾನೆ.

ಮನೆ 58, 4ನೇ ಅಡ್ಡರಸ್ತೆ
ಒಪ್ಪುವ ಮಾತು. ಅದಕ್ಕೆ ನೋಡೋದನ್ನ, ಕೊಡೋದನ್ನ ಬೇರೆ ಮಾಡೋಣ. ಮರುವೀಕ್ಷಣೆಗೆ ಮಾತ್ರ ಅನುಮತಿ ಇರೋ ಮೂರನೇ ಖಾತೆ ರಾತ್ರಿ ಪಾಳಿಯ ಒಬ್ಬ ನಿವಾಸಿ ಕೈಲಿರ್ಲಿ. ಪೊಲೀಸರು ಬಂದ ಕೂಡಲೇ ಅವರ ಎದುರೇ ದೃಶ್ಯ ಹಾಕಿ ತೋರಿಸಬಹುದು, ಗಾಡಿ ನಂಬರ್ ಬರ್ಕೊಳ್ಳಲಿ. ಬಂದವರ ಹೆಸರು, ಹುದ್ದೆ, ಸಮಯ ಪುಸ್ತಕದಲ್ಲಿ ಬರೀಬೇಕು. ಪ್ರತಿ ಮಾತ್ರ ಆದೇಶ ಬಂದ ಮೇಲೆ. ಪಾಳಿಗೆ 7 ಜನ ಬೇಕು, ವಾರಕ್ಕೊಂದು ರಾತ್ರಿ.

ಮನೆ 12, 1ನೇ ಅಡ್ಡರಸ್ತೆ
ಹಾಗಾದ್ರೆ ಮಂಗಳವಾರ ರಾತ್ರಿ ನನ್ನ ಹೆಸರು ಹಾಕಿ. ಲೈವ್ ಫೀಡ್ ವಿಷಯದಲ್ಲಿ ನನ್ನ ಮತ ಬದಲಾಗಿಲ್ಲ, ಭಾನುವಾರ ಹೇಳ್ತೀನಿ.

ಮನೆ 41, 3ನೇ ಅಡ್ಡರಸ್ತೆ
ಹಾಕಿದೆ. ಇನ್ನು 6 ಜನ ಬೇಕು. 8 ಟಿಬಿ ಡ್ರೈವ್‌ಗೆ, ಗೇಟ್ ಹತ್ರ ಕನ್ನಡದಲ್ಲಿ ಕ್ಯಾಮೆರಾ ಸೂಚನಾ ಫಲಕಕ್ಕೆ ಕೊಟೇಶನ್ ತರೋರು ಯಾರು?